ಹಾರ್ಡ್ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ: ಮುಂದೆ ಮಾಡುವವರಿಗಾಗಿ ಒಂದಿಷ್ಟು

ನನ್ನ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ವಿಂಡೋಸನ್ನು ಮೊದಲಿನಿಂದ ಹಾಕುವ ಕೆಲಸ ಈಗಷ್ಟೇ ಮುಗಿಯಿತು. ರಿಪೇರಿಯವರಿಗೆ ಕೊಟ್ಟು ಮಾಡಿಸಬಹುದಿತ್ತು. ಆದರೆ ಅದರೊಳಗೆ ಮನೆಯವರ ಫೋಟೊಗಳು, ಬ್ಯಾಂಕಿನ ಕಾಗದಪತ್ರಗಳು, ತೆರಿಗೆಯ ಫೈಲುಗಳು ಎಲ್ಲವೂ ಇದ್ದವು. ಅವನ್ನು ಗುರುತಿಲ್ಲದವರ ಕೈಗೆ ಬಿಟ್ಟು ಬರಲು ಮನಸ್ಸು ಒಪ್ಪಲಿಲ್ಲ. ಯಾರನ್ನು ಕೇಳಿದರೂ ‘ಫಾರ್ಮ್ಯಾಟ್ ಮಾಡಿದರೆ ಆಯಿತು, ಅರ್ಧ ದಿನದ ಕೆಲಸ’ ಎನ್ನುತ್ತಿದ್ದರು. ಅವರು ಹೇಳುತ್ತಿದ್ದದ್ದು ಅಳಿಸುವ ಆ ಒಂದು ಕ್ಷಣದ ಮಾತು. ಅದಕ್ಕೆ ಮೊದಲು ಏನೇನು ಕೂಡಿಸಿಟ್ಟುಕೊಳ್ಳಬೇಕು, ನಡುವೆ ಎಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ.

ಅಳಿಸಲೇಬೇಕೆಂದು ತೀರ್ಮಾನಿಸಲು ಎರಡು ಕಾರಣಗಳಿದ್ದವು. ಬ್ರೌಸರ್ ತೆರೆದರೆ ನಾನು ಇಟ್ಟ ಮುಖಪುಟದ ಬದಲು ಹೆಸರೇ ಕೇಳದ ಒಂದು ಹುಡುಕುತಾಣ ಬರಲಾರಂಭಿಸಿತು. ಆ್ಯಂಟಿವೈರಸ್ ಅದನ್ನು ಹಿಡಿದು ತೆಗೆದದ್ದಾಗಿ ಹೇಳುತ್ತಿತ್ತು, ಕಂಪ್ಯೂಟರನ್ನು ಮತ್ತೆ ಶುರುಮಾಡಿದರೆ ಅದು ತನ್ನ ಜಾಗದಲ್ಲೇ ಕೂತಿರುತ್ತಿತ್ತು. ಇನ್ನೊಂದು, ನನ್ನದು ವಿಂಡೋಸ್ 10. ಅದಕ್ಕೆ ಸಿಗುತ್ತಿದ್ದ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಹೇಗೂ ವಿಂಡೋಸ್ 11ಕ್ಕೆ ಹೋಗಬೇಕು. ಇದ್ದುದರ ಮೇಲೆಯೇ ಹೊಸದನ್ನು ಹಾಕಿದರೆ ಹಳೆಯ ಕಸವೂ ಜೊತೆಗೇ ಬರುತ್ತದೆ. ಹಾಗಾಗಿ ಬುಡದಿಂದಲೇ ತೆಗೆಯುವುದು ಸರಿ ಎನಿಸಿತು.

ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಹಿಡಿಸುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಸೌಲಭ್ಯ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿರಬೇಕು. ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಎಂಬ ಚಿಕ್ಕ ತಂತ್ರಾಂಶ ಇದನ್ನೆಲ್ಲ ಪರೀಕ್ಷಿಸಿ ಹೇಳುತ್ತದೆ. ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇದ್ದೂ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಶುರುವಾಗುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ಅದನ್ನು ಆಫ್ ಮಾಡಿಟ್ಟಿರುತ್ತಾರೆ. ‘ಇಲ್ಲ’ ಎಂದು ಬಂದ ಕೂಡಲೇ ಕೈಚೆಲ್ಲದೆ ಅಲ್ಲೂ ಒಮ್ಮೆ ನೋಡಿ.

ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಡಿಸ್ಕ್‌ಗಳಿವೆ. ವಿಂಡೋಸ್ ಇದ್ದದ್ದು 256 ಜಿಬಿಯ ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗಗಳಿಲ್ಲದ, ಚಿಪ್‌ಗಳ ಡಿಸ್ಕ್), ನನ್ನ ಫೈಲುಗಳಲ್ಲಿ ಹೆಚ್ಚಿನವು 1 ಟಿಬಿಯ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ. ವಿಂಡೋಸ್ ಇವನ್ನು 238 ಮತ್ತು 931 ಜಿಬಿ ಎಂದು ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಈ ವ್ಯತ್ಯಾಸ. ಈ ಎರಡು ಸಂಖ್ಯೆಗಳನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡೆ. ಮುಂದೆ ಅದೇ ಕಾಗದ ನನ್ನನ್ನು ಕಾಪಾಡಿತು. ಎಸ್‌ಎಸ್‌ಡಿ ನನ್ನ ಬಳಿಯೇ ಉಳಿಯುವಂಥದ್ದು. ಹಾರ್ಡ್ ಡಿಸ್ಕನ್ನು ಕಳಚಿ ಚಿಕ್ಕಪ್ಪನ ಮಗಳಿಗೆ ಕೊಡುವುದೆಂದು ಮಾತಾಗಿತ್ತು. ಒಂದನ್ನು ಮತ್ತೆ ಬಳಸಲು ಅಳಿಸುವುದಕ್ಕೂ ಇನ್ನೊಂದನ್ನು ಬೇರೆಯವರ ಕೈಗಿಡಲು ಅಳಿಸುವುದಕ್ಕೂ ಎಷ್ಟು ಅಂತರವಿದೆ ಎಂಬುದು ನನಗೆ ಚೆನ್ನಾಗಿ ತಿಳಿದದ್ದು ಈ ಕೆಲಸದಲ್ಲೇ.

ಮೊದಲು ಪ್ರತಿ ತೆಗೆದಿಡುವ ಕೆಲಸ. ಅತಿ ಹೆಚ್ಚು ಸಮಯ ತಿಂದದ್ದು ಇದೇ, ಆ ಸಮಯ ಸಾರ್ಥಕವಾಯಿತು ಎಂದು ಈಗಲೂ ನಂಬುತ್ತೇನೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಂಬ ಫೋಲ್ಡರುಗಳು ಎಲ್ಲರಿಗೂ ನೆನಪಾಗುತ್ತವೆ. ಡೆಸ್ಕ್‌ಟಾಪ್ ಮೇಲೆ ಹರಡಿದ್ದು, ಡೌನ್‌ಲೋಡ್ಸ್‌ನಲ್ಲಿ ಹಾಗೆಯೇ ಬಿಟ್ಟದ್ದು ನೆನಪಾಗುವುದಿಲ್ಲ. ಕೆಲವು ತಂತ್ರಾಂಶಗಳು ನಮ್ಮ ಮಾಹಿತಿಯನ್ನು ಆ್ಯಪ್‌ಡೇಟಾ ಎಂಬ ಫೋಲ್ಡರಿನಲ್ಲಿ ಇಡುತ್ತವೆ, ಅದು ಕಣ್ಣಿಗೆ ಕಾಣದಂತೆ ಅಡಗಿರುತ್ತದೆ. ಇಮೇಲ್ ತಂತ್ರಾಂಶ ಬಳಸುವವರ ಹಳೆಯ ಪತ್ರಗಳು ಅಂಥ ಕಡೆ ಇರುವುದುಂಟು. ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆಯನ್ನು ಹಾಕಿಕೊಂಡು ಒಂದೊಂದೇ ಫೋಲ್ಡರ್ ತೆರೆದು ನೋಡಿದೆ.

ಇಲ್ಲೇ ಮೊದಲನೆಯ ಅಡ್ಡಿ ಬಂತು. ಮೋಡದ ಸಂಗ್ರಹಕ್ಕೆ, ಅಂದರೆ ಅಂತರಜಾಲದಲ್ಲಿರುವ ಕ್ಲೌಡ್ ಸಂಗ್ರಹಕ್ಕೆ, ಜೋಡಿಸಿದ್ದ ಒಂದು ಫೋಲ್ಡರಿನಲ್ಲಿ ಫೈಲುಗಳ ಹೆಸರುಗಳೆಲ್ಲ ಕಾಣುತ್ತಿದ್ದವು, ಫೈಲುಗಳು ಮಾತ್ರ ಡಿಸ್ಕ್‌ನಲ್ಲಿರಲಿಲ್ಲ. ಜಾಗ ಉಳಿಸಲೆಂದು ಹೆಸರನ್ನಷ್ಟೇ ಇಲ್ಲಿಟ್ಟು, ತೆರೆದಾಗ ಮಾತ್ರ ಅಂತರಜಾಲದಿಂದ ಇಳಿಸಿಕೊಳ್ಳುವ ವ್ಯವಸ್ಥೆ ಅದು. ಹೆಸರಿನ ಪಕ್ಕ ಪುಟ್ಟ ಮೋಡದ ಚಿತ್ರ ಕಂಡರೆ ಅದು ನಿಮ್ಮ ಬಳಿ ಇಲ್ಲವೆಂದೇ ತಿಳಿಯಿರಿ. ಮೌಸಿನ ಬಲಗುಂಡಿ ಒತ್ತಿ ‘ಯಾವಾಗಲೂ ಈ ಸಾಧನದಲ್ಲಿ ಇಡು’ ಎಂಬರ್ಥದ ಆಯ್ಕೆ ಕೊಟ್ಟು, ಎಲ್ಲವೂ ಇಳಿದ ಮೇಲೆ ಪ್ರತಿ ತೆಗೆಯಬೇಕು. ನನಗೆ ಒಂದು ಇಡೀ ಸಂಜೆ ಅದಕ್ಕೇ ಹೋಯಿತು.

ಬ್ರೌಸರಿನಿಂದ ಬುಕ್‌ಮಾರ್ಕ್‌ಗಳನ್ನೂ ಗುಪ್ತಪದಗಳನ್ನೂ ಹೊರತೆಗೆದೆ. ಗುಪ್ತಪದಗಳು ಹೊರಬರುವುದು ಯಾರು ಬೇಕಾದರೂ ತೆರೆದು ಓದಬಹುದಾದ ಬರಿಯ ಪಠ್ಯದ ರೂಪದಲ್ಲಿ, ಆ ಫೈಲನ್ನು ಹುಷಾರಾಗಿ ಇಟ್ಟುಕೊಳ್ಳಬೇಕು. ಹಣ ಕೊಟ್ಟು ಕೊಂಡ ತಂತ್ರಾಂಶಗಳಿದ್ದರೆ ಹಳೆಯ ಯಂತ್ರದಲ್ಲಿ ಅವುಗಳಿಂದ ಲಾಗ್‌ಔಟ್ ಆಗಿ, ನೋಂದಣಿ ಬಿಡಿಸಿಕೊಳ್ಳಿ. ಇಷ್ಟೇ ಯಂತ್ರಗಳಲ್ಲಿ ಬಳಸಬಹುದೆಂಬ ಮಿತಿ ಇರುವ ಕಡೆ, ಅಳಿಸಿಹೋದ ಯಂತ್ರವೂ ಒಂದು ಲೆಕ್ಕವಾಗಿ ಉಳಿದುಬಿಡುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ನುಡಿ, ಬರಹದಂಥ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಕಡತಗಳು ನಿಮ್ಮಲ್ಲಿದ್ದರೆ ಆ ಫಾಂಟ್ ಫೈಲುಗಳನ್ನೂ ಜೊತೆಗೇ ಎತ್ತಿಟ್ಟುಕೊಳ್ಳಿ. ಯೂನಿಕೋಡ್‌ಗೆ ಮುಂಚಿನ ಆ ಕಡತಗಳ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಫಾಂಟ್ ಇಲ್ಲದೆ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಕಡತವೇ ಕೆಟ್ಟಿತೆಂದು ಎದೆ ಧಸಕ್ಕೆನ್ನುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಎಲ್ಲವನ್ನೂ ಹೊರಗಿನ ಒಂದು ಹಾರ್ಡ್ ಡಿಸ್ಕ್‌ಗೆ ನಕಲಿಸಿದೆ. ತಂತ್ರಾಂಶಗಳ ಇನ್‌ಸ್ಟಾಲರ್‌ಗಳನ್ನು ನಕಲಿಸಲಿಲ್ಲ. ಸೋಂಕಿರುವ ಯಂತ್ರದಿಂದ ಕಡತ, ಚಿತ್ರ, ಹಾಡುಗಳನ್ನಷ್ಟೇ ತರಬೇಕು, ಚಲಾಯಿಸುವಂಥ ಫೈಲು ಯಾವುದನ್ನೂ ತರಬಾರದು. ನಕಲು ಮುಗಿದ ಮೇಲೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಮೊದಲು ಆ್ಯಂಟಿವೈರಸ್‌ನಿಂದ ಶೋಧಿಸಿ, ಆಮೇಲೆ ಎಲ್ಲ ಬಗೆಯ ಫೈಲುಗಳಲ್ಲಿ ಕೆಲವನ್ನು ತೆರೆದು ನೋಡಿದೆ. ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಗಾತ್ರ ಹೊಂದಿತು, ಎಣಿಕೆ ಹೊಂದಿತು ಎಂದ ಮಾತ್ರಕ್ಕೆ ಫೈಲು ತೆರೆಯುತ್ತದೆಂಬ ಭರವಸೆ ಇಲ್ಲ. ಲ್ಯಾಪ್‌ಟಾಪಿನ ಒಳಗಿನ ಹಾರ್ಡ್ ಡಿಸ್ಕನ್ನು ಆಗಲೇ ಮುಟ್ಟಲಿಲ್ಲ. ಹೊಸ ವಿಂಡೋಸ್ ಬಂದು ಫೈಲುಗಳೆಲ್ಲ ಮರಳಿ ಕೂರುವವರೆಗೆ ಅದೂ ಒಂದು ಪ್ರತಿಯಾಗಿ ಇರಲಿ ಎಂದುಕೊಂಡೆ.

ಇನ್ನು ಎರಡು ಕೀಲಿಗಳ ವಿಚಾರ. ವಿಂಡೋಸ್‌ನ ಪರವಾನಗಿಯನ್ನು ಮತ್ತೆ ಕೊಳ್ಳಬೇಕೇನೋ ಎಂಬ ಚಿಂತೆ ನನಗಿತ್ತು. ಬೇಕಾಗಲಿಲ್ಲ. ವಿಂಡೋಸ್ ಸಮೇತ ಮಾರಾಟವಾಗುವ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಪರವಾನಗಿಯ ಕೀಲಿ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಇರುತ್ತದೆ, ಡಿಸ್ಕ್ ಅಳಿಸಿದರೆ ಅದು ಹೋಗುವುದಿಲ್ಲ. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್ ಪುಟದಲ್ಲಿ ಡಿಜಿಟಲ್ ಲೈಸೆನ್ಸಿನಿಂದ ಸಕ್ರಿಯವಾಗಿದೆ ಎಂದಿದ್ದರೆ ನಿಶ್ಚಿಂತೆಯಿಂದಿರಬಹುದು. ವಿಂಡೋಸ್‌ನ ಹೋಮ್ ಆವೃತ್ತಿ ಇದ್ದವರು ಹೋಮ್ ಅನ್ನೇ, ಪ್ರೊ ಇದ್ದವರು ಪ್ರೊ ಅನ್ನೇ ಮತ್ತೆ ಹಾಕಬೇಕು, ಅಷ್ಟೆ.

ಎರಡನೆಯದು ಬಿಟ್‌ಲಾಕರ್ ಕೀಲಿ. ಡಿಸ್ಕ್‌ನಲ್ಲಿರುವುದನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯವೇ ಬಿಟ್‌ಲಾಕರ್. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ನ ಗೂಢಲಿಪೀಕರಣ ನಾವು ಕೇಳದೆಯೇ ಆನ್ ಆಗಿರುತ್ತದೆ. ಬಯೋಸ್‌ನಲ್ಲಿ ಏನಾದರೂ ಬದಲಿಸಿದ ಮೇಲೆ ವಿಂಡೋಸ್ ಶುರುಮಾಡಿದರೆ 48 ಅಂಕಿಗಳ ಕೀಲಿ ಕೇಳುವ ನೀಲಿ ಪರದೆ ಬರಬಹುದು. ಅಳಿಸುವ ಡಿಸ್ಕ್‌ಗೆ ಅದರ ಗೊಡವೆ ಇಲ್ಲವಾದರೂ ಉಳಿಸಿಕೊಳ್ಳುವ ಎರಡನೆಯ ಡಿಸ್ಕ್ ಗೂಢಲಿಪಿಯಲ್ಲಿದ್ದರೆ ಹೊಸ ವಿಂಡೋಸ್‌ನಲ್ಲಿ ಅದನ್ನು ತೆರೆಯಲು ಕೀಲಿ ಬೇಕೇ ಬೇಕು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಕಾಗದದ ಮೇಲೆ ಬರೆದುಕೊಳ್ಳಿ, ಏಕೆಂದರೆ ಬೇಕಾದಾಗ ಕಂಪ್ಯೂಟರ್ ನಿಮ್ಮ ಕೈಯಲ್ಲಿರುವುದಿಲ್ಲ. ಎರಡು ಹಂತದ ದೃಢೀಕರಣದ ಬ್ಯಾಕಪ್ ಸಂಕೇತಗಳೂ ಅದೇ ಕಾಗದಕ್ಕೆ ಸೇರಲಿ.

ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವನ್ನು ಗೆಳೆಯನ ಕಂಪ್ಯೂಟರಿನಲ್ಲಿ ತಯಾರಿಸಿದೆ. ಸೋಂಕಿರುವ ಯಂತ್ರದಲ್ಲೇ ಅದನ್ನು ಮಾಡುವುದು ಸರಿ ಕಾಣಲಿಲ್ಲ. ಕನಿಷ್ಠ 8 ಜಿಬಿಯ ಪೆನ್ ಡ್ರೈವ್ ಬೇಕು, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಹಲವು ಜಿಬಿಯಷ್ಟನ್ನು ಇಳಿಸಿಕೊಂಡು ತಾನೇ ಎಲ್ಲವನ್ನೂ ಜೋಡಿಸುತ್ತದೆ. ಬೇರೆ ಯಾವ ತಾಣದಿಂದಲೂ ವಿಂಡೋಸ್ ಇಳಿಸಿಕೊಳ್ಳಬೇಡಿ. ಒಂದು ರೋಗ ಕಳೆಯಲು ಹೊರಟು ಇನ್ನೊಂದನ್ನು ತಂದುಕೊಂಡಂತಾಗುತ್ತದೆ. ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ನನ್ನ ಮಾದರಿಯ ಸಂಖ್ಯೆ ಕೊಟ್ಟು ವೈಫೈ ಡ್ರೈವರನ್ನೂ (ವೈಫೈ ಚಿಪ್ಪನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ಇಳಿಸಿ ಪೆನ್ ಡ್ರೈವಿನ ಒಂದು ಫೋಲ್ಡರಿಗೆ ಹಾಕಿಕೊಂಡೆ.

ವಿಂಡೋಸ್‌ನೊಳಗೇ ಇರುವ ‘ರೀಸೆಟ್ ದಿಸ್ ಪಿಸಿ’ ಬಳಸಬಾರದೇಕೆ ಎಂದು ಕೇಳುವವರಿದ್ದಾರೆ. ಯಂತ್ರ ಬರಿಯ ನಿಧಾನವಾಗಿದ್ದರೆ ಅದು ಸಾಕು, ಪೆನ್ ಡ್ರೈವಿನ ಗೋಜೇ ಇಲ್ಲ. ನನ್ನ ಯಂತ್ರದಲ್ಲಿ ತೆಗೆದಷ್ಟೂ ಮರಳಿ ಬರುವ ಸೋಂಕಿತ್ತು. ಆ ಡಿಸ್ಕ್‌ನ ಮೇಲಿರುವ ಯಾವುದನ್ನೂ ನಂಬದೆ ಹೊರಗಿನಿಂದ ಬಂದು ಅಳಿಸುವುದೇ ಕ್ಷೇಮವೆನಿಸಿತು.

ಪೆನ್ ಡ್ರೈವಿನಿಂದ ಯಂತ್ರವನ್ನು ಶುರುಮಾಡುವುದೂ ಒಂದು ಹಂತವೇ. ಎಫ್2, ಎಫ್9, ಎಫ್12, ಎಸ್ಕೇಪ್, ಡಿಲೀಟ್ ಎಂದು ತಯಾರಕರಿಗೊಂದು ಗುಂಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಾಗ ಶಟ್‌ಡೌನ್ ಎಂದರೂ ಯಂತ್ರ ಪೂರ್ತಿ ಆರಿರುವುದಿಲ್ಲ, ಹಾಗಾಗಿ ಆ ಗುಂಡಿ ಒತ್ತುವ ಗಳಿಗೆ ತಪ್ಪಿಹೋಗುತ್ತದೆ. ಸುಲಭದ ದಾರಿಯೆಂದರೆ ಶಿಫ್ಟ್ ಗುಂಡಿ ಒತ್ತಿ ಹಿಡಿದು ರೀಸ್ಟಾರ್ಟ್ ಆರಿಸುವುದು. ಆಗ ಬರುವ ನೀಲಿ ಪಟ್ಟಿಯಲ್ಲಿ ‘ಯೂಸ್ ಎ ಡಿವೈಸ್’ ಒತ್ತಿ ಪೆನ್ ಡ್ರೈವನ್ನು ಆರಿಸಿಕೊಳ್ಳಬಹುದು. ಅದಕ್ಕೆ ಮೊದಲು ಹೊರಗಿನ ಹಾರ್ಡ್ ಡಿಸ್ಕನ್ನು ಕಳಚಿ ದೂರ ಇಟ್ಟೆ. ಅಳಿಸುವ ಹೊತ್ತಿನಲ್ಲಿ ಬ್ಯಾಕಪ್ ಯಂತ್ರಕ್ಕೆ ಅಂಟಿಕೊಂಡಿರಬಾರದು. ಲ್ಯಾಪ್‌ಟಾಪನ್ನು ಚಾರ್ಜರಿಗೆ ಹಾಕಿಯೇ ಕೂರಬೇಕು.

ಭಾಷೆ, ಕೀಲಿಮಣೆ ಆರಿಸಿ ಮುಂದೆ ಹೋದರೆ, ಎಲ್ಲಿ ಹಾಕಬೇಕು ಎಂದು ಕೇಳುವ ಪರದೆ ಬಂತು. ಅಲ್ಲಿ ಇದ್ದದ್ದು ಒಂದೇ ಡಿಸ್ಕ್, 931 ಜಿಬಿಯದು. 238 ಜಿಬಿಯ ಎಸ್‌ಎಸ್‌ಡಿಯ ಸುಳಿವೇ ಇಲ್ಲ. ಎದೆಬಡಿತ ಏರಿತು. ಎಸ್‌ಎಸ್‌ಡಿ ಕೆಟ್ಟುಹೋಯಿತೇ? ಕೆಲವೇ ನಿಮಿಷಗಳ ಹಿಂದೆ ಅದರಿಂದಲೇ ವಿಂಡೋಸ್ ನಡೆಯುತ್ತಿತ್ತಲ್ಲ! ಸಂಖ್ಯೆ ಬರೆದುಕೊಂಡಿರದಿದ್ದರೆ, ಇರುವುದೊಂದೇ ಡಿಸ್ಕ್ ಇದೇ ಇರಬೇಕೆಂದು ನಂಬಿ ಫೈಲುಗಳಿದ್ದ ಹಾರ್ಡ್ ಡಿಸ್ಕನ್ನೇ ಅಳಿಸುವ ಸಾಧ್ಯತೆ ಎಷ್ಟು ಹತ್ತಿರವಿತ್ತು ಎಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಲ್ಲಿಗೇ ನಿಲ್ಲಿಸಿ, ಇನ್‌ಸ್ಟಾಲರಿನಿಂದ ಹೊರಬಂದು ಯಂತ್ರವನ್ನು ಆರಿಸಿದೆ. ಏನನ್ನೂ ಅಳಿಸಿರಲಿಲ್ಲವಾದ್ದರಿಂದ ಏನೂ ಹಾಳಾಗಲಿಲ್ಲ. ಹುಡುಕಿ ಓದಿದ ಮೇಲೆ ಕಾರಣ ತಿಳಿಯಿತು. ಇಂಟೆಲ್‌ನ 11ನೇ ಪೀಳಿಗೆಯ ಪ್ರೊಸೆಸರ್‌ಗಳಿಂದೀಚೆಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯನ್ನು ವಿಎಂಡಿ ಎಂಬ ನಿಯಂತ್ರಕದ ಕೆಳಗೆ ಇಟ್ಟಿರುತ್ತಾರೆ. ಅದನ್ನು ಮಾತನಾಡಿಸುವ ಡ್ರೈವರ್ ವಿಂಡೋಸ್‌ನ ಇನ್‌ಸ್ಟಾಲರಿನಲ್ಲಿ ಇಲ್ಲದಿದ್ದರೆ ಡಿಸ್ಕ್ ಕಾಣುವುದೇ ಇಲ್ಲ. ಡಿಸ್ಕ್ ಆರೋಗ್ಯವಾಗಿಯೇ ಇರುತ್ತದೆ. ಈ ಡ್ರೈವರ್ ಬೇಕಾಗುತ್ತದೆಂದು ನಾನು ಓದಿದ್ದ ಯಾವ ಮಾರ್ಗದರ್ಶಿಯೂ ಎಚ್ಚರಿಸಿರಲಿಲ್ಲ.

ಪರಿಹಾರ ಎರಡು. ಬಯೋಸ್‌ನಲ್ಲಿ ವಿಎಂಡಿಯನ್ನು ಆಫ್ ಮಾಡುವುದು ಒಂದು, ಇಂಟೆಲ್‌ನ ರ್‍ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಡ್ರೈವರನ್ನು ಪೆನ್ ಡ್ರೈವಿಗೆ ಹಾಕಿ ಇನ್‌ಸ್ಟಾಲರಿಗೆ ಉಣಿಸುವುದು ಇನ್ನೊಂದು. ಬಯೋಸ್‌ನಲ್ಲಿ ಕೈಯಾಡಿಸಲು ಇಷ್ಟವಿಲ್ಲದೆ ಎರಡನೆಯದನ್ನು ಆರಿಸಿದೆ. ಅಲ್ಲಿಯೂ ಒಂದು ತೊಡಕಿತ್ತು. ತಯಾರಕರ ತಾಣದಲ್ಲಿ ಸಿಗುವುದು ಒತ್ತಿದರೆ ತಾನೇ ಇನ್‌ಸ್ಟಾಲ್ ಆಗುವ ಒಂದೇ ಫೈಲು. ವಿಂಡೋಸ್ ಇನ್‌ಸ್ಟಾಲರಿಗೆ ಅದು ಅರ್ಥವಾಗುವುದಿಲ್ಲ. ಅದಕ್ಕೆ ಬೇಕಿರುವುದು ಐಎನ್‌ಎಫ್ ಎಂದು ಕೊನೆಗೊಳ್ಳುವ ಪುಟ್ಟ ಫೈಲು ಮತ್ತು ಅದರ ಒಡನಾಡಿಗಳು. ಹಾಗಾಗಿ ಇಳಿಸಿದ್ದನ್ನು 7-ಜಿಪ್‌ನಂಥ ತಂತ್ರಾಂಶದಿಂದ ಬಿಚ್ಚಿ, ಒಳಗಿನ ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಬೇಕು. ಮತ್ತೆ ಗೆಳೆಯನ ಕಂಪ್ಯೂಟರೇ ಗತಿಯಾಯಿತು. ಅವನು ಆ ಹೊತ್ತಿಗೆ ಊರಲ್ಲಿರಲಿಲ್ಲ, ಬರುವವರೆಗೆ ಕಾಯಬೇಕಾಯಿತು. ಇದನ್ನು ಓದುತ್ತಿರುವವರು ಪೆನ್ ಡ್ರೈವ್ ಮಾಡುವ ದಿನವೇ ಈ ಡ್ರೈವರನ್ನೂ ಬಿಚ್ಚಿ ಹಾಕಿಕೊಂಡರೆ ಆ ಕಾಯುವಿಕೆ ತಪ್ಪುತ್ತದೆ.

ಈ ಸಲ ಅದೇ ಪರದೆಯಲ್ಲಿ ‘ಲೋಡ್ ಡ್ರೈವರ್’ ಒತ್ತಿ ಆ ಫೋಲ್ಡರ್ ತೋರಿಸಿದೆ. ಪಟ್ಟಿಯಲ್ಲಿ ಬಂದ ಡ್ರೈವರನ್ನು ಆರಿಸಿದ ಮೇಲೆ 238 ಜಿಬಿಯ ಡಿಸ್ಕ್ ಮೂಡಿತು. ಡಿಸ್ಕ್ 0, ಡಿಸ್ಕ್ 1 ಎಂಬ ಸಂಖ್ಯೆಗಳನ್ನು ನಂಬಬೇಡಿ, ಅವು ಬದಲಾಗುತ್ತವೆ. ಗಾತ್ರವನ್ನು ನೋಡಿ.

ಆ ಡಿಸ್ಕ್‌ನ ಹೆಸರಿನಲ್ಲಿ ಹಲವು ಪಾರ್ಟಿಷನ್‌ಗಳು, ಅಂದರೆ ಡಿಸ್ಕ್‌ನ ವಿಭಾಗಗಳು, ಇದ್ದವು. 100 ಎಂಬಿಯ ಸಿಸ್ಟಮ್ ಪಾರ್ಟಿಷನ್, 16 ಎಂಬಿಯ ರಿಸರ್ವ್‌ಡ್, ದೊಡ್ಡದಾದ ಸಿ, ಕೊನೆಯಲ್ಲಿ ರಿಕವರಿಯದು. ಸಿ ಒಂದನ್ನೇ ಫಾರ್ಮ್ಯಾಟ್ ಮಾಡಿದರೆ ಸಾಲದು, ಹಳೆಯದು ಯಾವುದೂ ಉಳಿಯಬಾರದೆಂದರೆ ಆ ಡಿಸ್ಕ್‌ನ ಎಲ್ಲವನ್ನೂ ಒಂದೊಂದಾಗಿ ಡಿಲೀಟ್ ಮಾಡಿ, ‘ಅನ್‌ಅಲೊಕೇಟೆಡ್ ಸ್ಪೇಸ್’ ಎಂಬ ಒಂದೇ ಸಾಲು ಉಳಿಯುವಂತೆ ಮಾಡಬೇಕು. ಬೇಕಾದ ಪಾರ್ಟಿಷನ್‌ಗಳನ್ನು ಇನ್‌ಸ್ಟಾಲರೇ ಹೊಸದಾಗಿ ಮಾಡಿಕೊಳ್ಳುತ್ತದೆ. ತಯಾರಕರು ಇಟ್ಟಿದ್ದ ರಿಕವರಿಯೂ ಇದರಲ್ಲಿ ಹೋಗುತ್ತದೆ, ಅದು ತಿಳಿದಿರಲಿ. ಮೊದಲನೆಯದನ್ನು ಡಿಲೀಟ್ ಮಾಡುವಾಗ ಬೆರಳು ತಡೆಯಿತು. ಪ್ರತಿಗಳನ್ನು ತೆರೆದು ನೋಡಿದ್ದೆ, ಕೀಲಿಗಳು ಕಾಗದದಲ್ಲಿದ್ದವು, ಗಾತ್ರವನ್ನು ಮತ್ತೆ ಮತ್ತೆ ಓದಿದ್ದೆ. ಆದರೂ ಆ ಭಯ ಬರುತ್ತದೆ, ಬರಲಿ. ಆ ಭಯದಿಂದಲೇ ಇನ್ನೊಮ್ಮೆ ಓದಿ ನೋಡುವಂತಾಗುತ್ತದೆ. ಒತ್ತಿದ ಮೇಲೆ ಒಂದೆರಡು ಸೆಕೆಂಡಿನಲ್ಲಿ ಎಲ್ಲ ಖಾಲಿ.

ಡಿಸ್ಕ್ ವಿಂಗಡಣೆಯ ಎರಡು ಬಗೆಗಳಾದ ಜಿಪಿಟಿ, ಎಂಬಿಆರ್‌ಗಳ ಹೆಸರೆತ್ತಿ ದೂರುವ ಸಂದೇಶ ಬಂದು ‘ಈ ಡಿಸ್ಕ್‌ನಲ್ಲಿ ಹಾಕಲಾಗದು’ ಎಂದರೆ, ಪೆನ್ ಡ್ರೈವ್ ಶುರುವಾದ ಬಗೆಗೂ ಡಿಸ್ಕ್‌ನ ವಿಂಗಡಣೆಯ ಬಗೆಗೂ ಹೊಂದಿಕೆಯಾಗಿಲ್ಲ ಎಂದರ್ಥ. ವಿಂಡೋಸ್ 11ಕ್ಕೆ ಯಂತ್ರವನ್ನು ಯುಇಎಫ್‌ಐ ಎಂಬ ಹೊಸ ರೀತಿಯಲ್ಲೇ ಶುರುಮಾಡಬೇಕು, ಡಿಸ್ಕ್ ಜಿಪಿಟಿ ಆಗಿರಬೇಕು. ನನಗೆ ಇದು ಎದುರಾಗಲಿಲ್ಲ.

ಫೈಲುಗಳ ನಕಲು ಶುರುವಾಯಿತು. ಶೇಕಡಾವಾರು ಸಂಖ್ಯೆ ಒಂದೇ ಕಡೆ ನಿಂತು ಆಮೇಲೆ ದಿಢೀರನೆ ಜಿಗಿಯುತ್ತದೆ. ನಿಂತಿತೆಂದು ಗುಂಡಿ ಒತ್ತಿ ಆರಿಸಬೇಡಿ. ಮೊದಲ ಸಲ ರೀಸ್ಟಾರ್ಟ್ ಆಗುವಾಗ ಯಂತ್ರ ಮತ್ತೆ ಪೆನ್ ಡ್ರೈವಿನಿಂದಲೇ ಶುರುವಾಗಿ ಭಾಷೆ ಆರಿಸುವ ಪರದೆಗೆ ಬಂದುಬಿಟ್ಟರೆ ಗಾಬರಿ ಬೇಡ. ಪೆನ್ ಡ್ರೈವನ್ನು ಕಳಚಿ ಮತ್ತೆ ಶುರುಮಾಡಿದರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಎಲ್ಲ ಮುಗಿಯಿತೆಂದುಕೊಳ್ಳುವಾಗ ಅಂತರಜಾಲಕ್ಕೆ ಜೋಡಿಸಿ ಎಂಬ ಪರದೆ ಬಂತು. ವೈಫೈ ಪಟ್ಟಿ ಖಾಲಿ. ಹೊಸ ವಿಂಡೋಸ್‌ಗೆ ನನ್ನ ವೈಫೈ ಚಿಪ್ ಪರಿಚಯವೇ ಇಲ್ಲ. ನಾನು ತಂದಿಟ್ಟಿದ್ದ ವೈಫೈ ಡ್ರೈವರ್ ಡೆಸ್ಕ್‌ಟಾಪ್ ಬಂದ ಮೇಲಷ್ಟೇ ಹಾಕಲು ಬರುವಂಥದ್ದು. ಡೆಸ್ಕ್‌ಟಾಪಿಗೆ ಹೋಗಲು ಅಂತರಜಾಲ ಬೇಕು, ಅಂತರಜಾಲಕ್ಕೆ ಡೆಸ್ಕ್‌ಟಾಪ್ ಬೇಕು. ಅಂತರಜಾಲದ ಕೇಬಲ್ ಹಾಕುವ ಕಿಂಡಿ ಈ ಲ್ಯಾಪ್‌ಟಾಪಿನಲ್ಲಿಲ್ಲ. ಕಡೆಗೆ ದಾರಿ ತೋರಿದ್ದು ಕೈಯಲ್ಲಿದ್ದ ಆಂಡ್ರಾಯ್ಡ್ ಫೋನ್. ಚಾರ್ಜಿಂಗ್ ಕೇಬಲಿನಿಂದ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ಅಂತರಜಾಲವನ್ನು ಕೇಬಲಿನ ಮೂಲಕ ಹಂಚುವ ಆಯ್ಕೆ) ಆನ್ ಮಾಡಿದೆ. ವಿಂಡೋಸ್ ಅದನ್ನು ಕೇಬಲ್ ಸಂಪರ್ಕವೆಂದೇ ಗುರುತಿಸಿ ಮುಂದಕ್ಕೆ ಬಿಟ್ಟಿತು. ಫೋನನ್ನು ಮನೆಯ ವೈಫೈಗೆ ಜೋಡಿಸಿಟ್ಟುಕೊಂಡೇ ಹೀಗೆ ಮಾಡಿದರೆ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಈ ಹಂತದಲ್ಲಿ ವಿಂಡೋಸ್ ಕೇಳದೆಯೇ ಭಾರಿ ಅಪ್‌ಡೇಟ್‌ಗಳನ್ನು ಇಳಿಸುವುದರಿಂದ ಈ ಉಳಿತಾಯ ದೊಡ್ಡದು. ಕೇಬಲ್ ಡೇಟಾ ಸಾಗಿಸುವಂಥದ್ದಾಗಿರಲಿ, ಚಾರ್ಜಿಗೆ ಮಾತ್ರ ಬರುವ ಅಗ್ಗದ ಕೇಬಲುಗಳಿಂದ ಇದು ನಡೆಯದು.

ಡೆಸ್ಕ್‌ಟಾಪ್ ಬಂತು. ಕೀಲಿ ಎಲ್ಲೂ ಕೇಳಲಿಲ್ಲ, ಆ್ಯಕ್ಟಿವೇಷನ್ ತಾನಾಗಿಯೇ ಆಗಿತ್ತು. ಡಿವೈಸ್ ಮ್ಯಾನೇಜರ್ ತೆರೆದರೆ ಕೆಲವು ಸಾಲುಗಳ ಪಕ್ಕ ಹಳದಿ ಎಚ್ಚರಿಕೆಯ ಗುರುತು. ಅಪ್‌ಡೇಟ್‌ಗಳು ಬಂದಂತೆ ಹೆಚ್ಚಿನವು ತಾವೇ ಹೋದವು, ಉಳಿದವಕ್ಕೆ ತಯಾರಕರ ತಾಣದಿಂದ ಡ್ರೈವರ್ ಹಾಕಿದೆ. ಅಪ್‌ಡೇಟ್, ರೀಸ್ಟಾರ್ಟ್, ಮತ್ತೆ ಅಪ್‌ಡೇಟ್ ಎಂದು ಬೇಸರವಾಗುವಷ್ಟು ನಡೆಯಿತು. ‘ಹೊಸದೇನೂ ಇಲ್ಲ’ ಎಂದು ಬರುವವರೆಗೆ ಫೈಲುಗಳನ್ನು ಮರಳಿ ತರಬಾರದೆಂದು ನನಗೆ ನಾನೇ ನಿಯಮ ಹಾಕಿಕೊಂಡಿದ್ದೆ. ಕನ್ನಡ ಭಾಷೆ ಸೇರಿಸಿದರೆ ಫೊನೆಟಿಕ್ ಕೀಲಿಮಣೆ ವಿಂಡೋಸ್‌ನಲ್ಲೇ ಸಿಗುತ್ತದೆ. ಆಮೇಲೆ ಗುಪ್ತಪದಗಳನ್ನು ಬದಲಿಸಿದೆ, ಇಮೇಲಿನದನ್ನು ಎಲ್ಲಕ್ಕಿಂತ ಮೊದಲು. ಸೋಂಕಿದ್ದ ಯಂತ್ರದಲ್ಲಿ ಟೈಪಿಸಿದ ಗುಪ್ತಪದ ಬೇರೆಯವರಿಗೆ ತಿಳಿದಿದೆ ಎಂದುಕೊಂಡೇ ನಡೆದುಕೊಳ್ಳಬೇಕು.

ಫೈಲುಗಳೆಲ್ಲ ಮರಳಿ ಕೂತ ಮೇಲೆ ಹಾರ್ಡ್ ಡಿಸ್ಕ್‌ನ ಸರದಿ. ತಂಗಿ ಫೋನಿನಲ್ಲಿ ‘ಫಾರ್ಮ್ಯಾಟ್ ಮಾಡಿ ಕೊಡು ಅಣ್ಣ, ಅಷ್ಟು ಸಾಕು’ ಎಂದಳು. ಕ್ವಿಕ್ ಫಾರ್ಮ್ಯಾಟ್ ಮಾಡಿದೆ, ಸೆಕೆಂಡುಗಳಲ್ಲಿ ಡಿಸ್ಕ್ ಖಾಲಿ ಎಂದು ತೋರಿಸಿತು. ಅದು ನಿಜವೇ ಎಂದು ತಿಳಿಯಬೇಕಿತ್ತು. ಅಳಿಸಿದ ಫೈಲುಗಳನ್ನು ಹುಡುಕಿ ತೆಗೆಯುವ ಫೋಟೊರೆಕ್ ಎಂಬ ಉಚಿತ ತಂತ್ರಾಂಶವನ್ನು ಆ ಡಿಸ್ಕ್‌ನ ಮೇಲೆ ಬಿಟ್ಟು, ಸಿಕ್ಕಿದ್ದನ್ನು ಹೊರಗಿನ ಡಿಸ್ಕ್‌ಗೆ ಇಳಿಸುವಂತೆ ಹೇಳಿದೆ. ಸ್ವಲ್ಪ ಹೊತ್ತಿನಲ್ಲೇ ಫೋಲ್ಡರ್ ತುಂಬತೊಡಗಿತು. ಫೈಲುಗಳ ಹೆಸರು ಹೋಗಿ ಬರಿಯ ಸಂಖ್ಯೆಗಳಿದ್ದವು. ತೆರೆದರೆ ಅಮ್ಮನ ಆಸ್ಪತ್ರೆಯ ವರದಿಗಳು, ನನ್ನ ಗುರುತಿನ ಚೀಟಿಯ ಸ್ಕ್ಯಾನ್, ಎಂದೋ ಡಿಲೀಟ್ ಮಾಡಿದ್ದ ಫೋಟೊಗಳು ಕೂಡ. ಗಂಟಲು ಒಣಗಿತು. ತಂಗಿಯ ಮೇಲೆ ನನಗೆ ಅನುಮಾನವಿಲ್ಲ, ಆದರೆ ಆ ಡಿಸ್ಕ್ ಅವಳ ಕೈಯಿಂದ ಮುಂದೆ ಎಲ್ಲಿಗೆ ಹೋಗುತ್ತದೋ ಯಾರು ಬಲ್ಲರು?

ಕ್ವಿಕ್ ಫಾರ್ಮ್ಯಾಟ್ ಹೊಸ ಸೂಚಿಯನ್ನಷ್ಟೇ ಬರೆಯುತ್ತದೆ, ಫೈಲುಗಳ ಮೈ ಇದ್ದಲ್ಲೇ ಇರುತ್ತದೆ. ಅದರ ಮೇಲೆ ಬೇರೇನನ್ನಾದರೂ ಬರೆದಾಗಲೇ ಅದು ಹೋಗುವುದು. ತಿರುಗುವ ಹಾರ್ಡ್ ಡಿಸ್ಕ್‌ಗೆ ಇದು ಸುಲಭ. ವಿಂಡೋಸ್ ವಿಸ್ತಾದಿಂದೀಚೆಗೆ ಫಾರ್ಮ್ಯಾಟ್ ಕಿಟಕಿಯಲ್ಲಿ ‘ಕ್ವಿಕ್’ ಎಂಬ ಗುರುತನ್ನು ತೆಗೆದರೆ ಪಾರ್ಟಿಷನ್ ಪೂರ್ತಿ ಸೊನ್ನೆಗಳನ್ನು ಬರೆಯುತ್ತದೆ. ಇಡೀ ಡಿಸ್ಕ್‌ಗೆ ಬೇಕೆಂದರೆ ಡಿಸ್ಕ್‌ಪಾರ್ಟ್ ಎಂಬ ಆಜ್ಞೆಯೊಳಗೆ ಡಿಸ್ಕ್‌ಗಳ ಪಟ್ಟಿ ನೋಡಿ, ಗಾತ್ರದಿಂದ ಗುರುತಿಸಿ, ಆರಿಸಿ, ‘ಕ್ಲೀನ್ ಆಲ್’ ಕೊಡಬೇಕು. ಬರಿಯ ‘ಕ್ಲೀನ್’ ಎಂದರೆ ಪಾರ್ಟಿಷನ್‌ಗಳ ವಿವರವನ್ನಷ್ಟೇ ತೆಗೆಯುತ್ತದೆ, ‘ಆಲ್’ ಸೇರಿದರೆ ಸೆಕ್ಟರ್ ಎಂಬ ಡಿಸ್ಕ್‌ನ ಪ್ರತಿಯೊಂದು ಪುಟ್ಟ ತುಂಡಿಗೂ ಸೊನ್ನೆ ಬರೆಯುತ್ತದೆ. ಖಚಿತವೇ ಎಂದು ಅದು ಮರುಪ್ರಶ್ನೆ ಕೇಳುವುದಿಲ್ಲ. ಆದ್ದರಿಂದ ಆ ಆಜ್ಞೆ ಕೊಡುವ ಮೊದಲು ನಿಧಾನಿಸಿ.

ಸೆಕೆಂಡಿಗೆ 100 ಎಂಬಿ ಬರೆದರೂ 1 ಟಿಬಿಗೆ ಹತ್ತು ಸಾವಿರ ಸೆಕೆಂಡು ಬೇಕು, ಮೂರು ಗಂಟೆಗೆ ತುಸು ಕಡಿಮೆ. ನನ್ನ ಹಳೆಯ ಡಿಸ್ಕ್ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಎಷ್ಟಾಯಿತೆಂದು ತೋರಿಸುವ ಸಂಖ್ಯೆ ಕೂಡ ಇಲ್ಲ, ಮಿನುಗುವ ಗೆರೆಯೊಂದೇ. ರಾತ್ರಿ ಹಾಕಿ ಮಲಗಿದೆ. ಲ್ಯಾಪ್‌ಟಾಪ್ ನಿದ್ರೆಗೆ ಜಾರದಂತೆ ಮೊದಲೇ ಸೆಟ್ಟಿಂಗ್ ಬದಲಿಸಿಡಿ. ಬೆಳಗ್ಗೆ ಹೊಸದಾಗಿ ಫಾರ್ಮ್ಯಾಟ್ ಮಾಡಿ ಫೋಟೊರೆಕ್ ಓಡಿಸಿದೆ. ಕೊನೆಯವರೆಗೂ ಒಂದು ಫೈಲೂ ಸಿಗಲಿಲ್ಲ. ಆಗ ಬಂದ ನೆಮ್ಮದಿಯನ್ನು ಹೇಗೆ ಹೇಳಲಿ.

ಮೂವತ್ತೈದು ಸಲ ಬರೆಯಬೇಕು ಎಂಬ ಮಾತನ್ನು ನೀವೂ ಕೇಳಿರಬಹುದು. ಅದರ ಮೂಲ ಕಂಪ್ಯೂಟರ್ ವಿಜ್ಞಾನಿ ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧ, ಆ ಕಾಲದ ಹಲವು ಬಗೆಯ ಡಿಸ್ಕ್‌ಗಳನ್ನು ಗಮನದಲ್ಲಿಟ್ಟು ಮಾಡಿದ ಲೆಕ್ಕ. ಇಂದಿನ ಹಾರ್ಡ್ ಡಿಸ್ಕ್‌ಗೆ ಒಂದು ಸಲ ಪೂರ್ತಿ ಬರೆದರೆ ಮನೆಬಳಕೆಯ ಮಟ್ಟಿಗೆ ಸಾಕು. ಎಸ್‌ಎಸ್‌ಡಿಯನ್ನು ಕೊಡುವವರಿಗೆ ಮಾತ್ರ ಈ ದಾರಿ ಸಲ್ಲದು. ಎಸ್‌ಎಸ್‌ಡಿ ಸವೆತವನ್ನು ಹಂಚಲು ಬರಹವನ್ನು ತಾನೇ ಬೇರೆ ಬೇರೆ ಕಡೆಗೆ ಸರಿಸುತ್ತಿರುತ್ತದೆ, ಮೇಲಿನಿಂದ ಬರೆದ ಸೊನ್ನೆಗಳು ಎಲ್ಲ ಮೂಲೆಯನ್ನೂ ಮುಟ್ಟುವ ಖಾತ್ರಿ ಇಲ್ಲ. ಅದಕ್ಕೆ ಡಿಸ್ಕ್‌ನ ಒಳಗೇ ಇರುವ ಸೆಕ್ಯೂರ್ ಇರೇಸ್ ಅಥವಾ ಸ್ಯಾನಿಟೈಸ್ ಆಜ್ಞೆ ಬಳಸಬೇಕು. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲೇ ಅದು ಸಿಗುತ್ತದೆ, ಇಲ್ಲವಾದರೆ ಎಸ್‌ಎಸ್‌ಡಿ ತಯಾರಕರು ಕೊಡುವ ತಂತ್ರಾಂಶದಲ್ಲಿ.

ಕೊಡುವ ಮುನ್ನ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದಲ್ಲಿ ಆ ಹಾರ್ಡ್ ಡಿಸ್ಕ್‌ನ ಆರೋಗ್ಯ ನೋಡಿದೆ. ಕೆಟ್ಟ ಮತ್ತು ಕೆಟ್ಟಿರಬಹುದಾದ ಸೆಕ್ಟರುಗಳನ್ನು ಎಣಿಸುವ ಬದಲಿ ಸೆಕ್ಟರ್, ಬಾಕಿ ಸೆಕ್ಟರ್ ಎಂಬ ಎರಡು ಸಾಲುಗಳಲ್ಲೂ ಸೊನ್ನೆ ಇತ್ತು. ಅಲ್ಲಿ ದೊಡ್ಡ ಸಂಖ್ಯೆ ಕಂಡಿದ್ದರೆ ಅವಳಿಗೆ ಕೊಡುತ್ತಿರಲಿಲ್ಲ.

ಇನ್ನು ನನ್ನ ಕಡೆ ಉಳಿದ ಕೆಲಸ ಸ್ವಲ್ಪ. ಹೊರಗಿನ ಡಿಸ್ಕ್‌ನಲ್ಲಿದ್ದ ಗುಪ್ತಪದಗಳ ಪಠ್ಯ ಫೈಲನ್ನೂ ಫೋಟೊರೆಕ್ ಎತ್ತಿ ತಂದಿದ್ದ ರಾಶಿಯನ್ನೂ ಅಳಿಸಿದ್ದೇನೆ. ಆ ಡಿಸ್ಕ್ ಇನ್ನು ಮುಂದೆ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ, ಅದಕ್ಕೂ ಬಿಟ್‌ಲಾಕರ್ ಬೀಗ ಹಾಕಿಸಲಿದ್ದೇನೆ. ಡ್ರೈವರ್‌ಗಳಿರುವ ಪೆನ್ ಡ್ರೈವಿನ ಮೇಲೆ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಬರೆದ ಚೀಟಿ ಅಂಟಿಸಿಟ್ಟಿದ್ದೇನೆ. ಇದೇ ಮಾದರಿಯ ಲ್ಯಾಪ್‌ಟಾಪ್ ಇರುವ ಗೆಳೆಯ ಮುಂದಿನ ವಾರ ತನ್ನದನ್ನು ಅಳಿಸಲಿದ್ದಾನೆ, ಅದನ್ನು ಅವನಿಗೆ ಕೊಡುವುದಿದೆ.